ಕೊಂಬಿಲ್ಲದ ತವರು

ನಾನು ಬರೆದ ಕಥೆಯೊಂದನ್ನು ನಮ್ಮ ನಾನಿಗೆ, ಅಂದರೆ ತಾಯಿಯ ತಾಯಿ ಜಾನ್ ಬೀಗೆ, ಒಮ್ಮೆ ಓದಿ ಹೇಳಿದೆ. ಆರು ತಿಂಗಳ ಮುತ್ತಿಗೆ, ಬಿರುಕು ಬಿಟ್ಟ ಕೋಟೆ, ಸೋಲುವ ಮುನ್ನ ದಳವಾಯಿಯೊಬ್ಬ ತನ್ನ ಆಳುಗಳ ಜೊತೆ ಕೂತು ಉಣ್ಣುವ ಕೊನೆಯ ಊಟ. ಮಳವಳ್ಳಿಯ ನಮ್ಮ ಕಾಲೇಜಿನ ಸಂಚಿಕೆಯಲ್ಲಿ ಅಚ್ಚಾಗಿದ್ದ ಕಥೆ. ನಾನಿ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು.

"ಅಷ್ಟು ಜನಕ್ಕೆ ಹುಳಿಸಾರು ಕಾಸಿದ್ರಲ್ಲ, ಆ ಕೊಪ್ಪರಿಗೆಗೆ ಕಲಾಯಿ ಹಾಕ್ದೋನು ಯಾರು?" ಅಂದಳು.

ನಾನು ಪುಟ ಹಿಂದಕ್ಕೆ ತಿರುವಿ ಹುಡುಕಿದೆ.

"ಆರು ತಿಂಗ್ಳು ಯಾರೂ ಹಾಕಿಲ್ಲ ಅಂದ್ರೆ ನಿನ್ನ ದಳವಾಯಿ ಕತ್ತಿಯೇಟ್ಗೆ ಸತ್ತಿಲ್ಲ ಬುಡು. ಕಿಲುಬ್ಗೆ ಸತ್ತವ್ನೆ."

ಆ ದಿನದಿಂದ ನಾನು ಕೋಟೆಗಳ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. ಹಳೆಯ ಕಾಲವನ್ನು ಹುಡುಕಿಕೊಂಡು ನಾನು ಶಾಸನದ ಕಲ್ಲುಗಳ ಮುಂದೆ ನಿಂತವಳು. ನಮ್ಮ ಮನೆಯ ಹಳೆಯ ಕಾಲ ಮಾತ್ರ ಒಂದು ಪೋಸ್ಟ್ ಕಾರ್ಡಿನಷ್ಟೇ ಇದೆ. ನಾನಿಯ ಪೆಟ್ಟಿಗೆಯಲ್ಲಿ, ಮಡಿಸಿದ ಬುರ್ಖಾದ ಕೆಳಗೆ. ಅದರಲ್ಲಿ ಒಂದು ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿತ್ತು. ಆ ಒಂದು ಕೊಂಬಿನಿಂದಾಗಿ ಜಾನ್ ಬೀ ತನ್ನ ತಾಯಿಯ ಮುಖವನ್ನು ಕೊನೆಯ ಸಲ ನೋಡಲಿಲ್ಲ.

ಕಾರ್ಡು ಬಂದದ್ದು 1943ರ ಬೇಸಿಗೆಯಲ್ಲಿ.

ಜಾನ್ ಬೀ ಮಂಡ್ಯದ ಗುತ್ತಲು ಕಡೆಯ ಹುಡುಗಿ. ತಂದೆ ಇರಲಿಲ್ಲ. ತಾಯಿ ಸುಲ್ತಾನ್ ಬೀ, ಅಣ್ಣ ನಿಜಾಮುದ್ದೀನ್. ಅಣ್ಣನಿಗೆ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಹದಿನಾರಕ್ಕೆ ಅವಳನ್ನು ಮಳವಳ್ಳಿಯ ಪೀರ್ ಪಾಷಾನಿಗೆ ಕೊಟ್ಟರು. ಮದುವೆಯ ದಿನ ಸುಲ್ತಾನ್ ಬೀ ಮಗಳ ಕಾಲಿಗೆ ತನ್ನ ಕಾಲಿನ ಬೆಳ್ಳಿಗೆಜ್ಜೆಯನ್ನೇ ಬಿಚ್ಚಿ ತೊಡಿಸಿದಳು. ಆಗಲೇ ಅವಳ ಕಣ್ಣಿಗೆ ಪೊರೆ ಬರುತ್ತಿತ್ತು. "ನೀನು ಬಂದಿದ್ದು ನಂಗೆ ಕಾಣ್ದೇ ಇದ್ರೂ ಕೇಳ್ಬೇಕು" ಅಂದಿದ್ದಳಂತೆ.

ಪೀರ್ ಪಾಷಾನದು ಕಲಾಯಿ ಕೆಲಸ. ತಾಮ್ರ, ಹಿತ್ತಾಳೆ ಪಾತ್ರೆಗೆ ಒಳಗಡೆ ತವರದ ಲೇಪ ಕೊಡುವುದು. ಆ ಲೇಪ ಸವೆದರೆ ಹುಳಿ ಪದಾರ್ಥ ಕಿಲುಬಿ ವಿಷವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಊರೂರು ತಿರುಗುತ್ತಿದ್ದರು. ಹೊಂಗೆಮರದ ಕೆಳಗೆ ಗುಳಿ ತೋಡಿ ಇದ್ದಿಲು ಹಾಕುವುದು, ಜಾನ್ ಬೀ ತಿದಿ ಒತ್ತುವುದು, ಅವನು ಪಾತ್ರೆಯೊಳಗೆ ಮರಳು ಹಾಕಿ ಬರಿಗಾಲಲ್ಲಿ ನಿಂತು ಅತ್ತ ಇತ್ತ ತಿರುಗಿ ತಿಕ್ಕುವುದು. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದೊಡನೆ ಬಿಳಿ ಹೊಗೆ ಏಳುತ್ತದೆ. ಆ ಹೊಗೆಯೊಳಗೇ ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒರೆಸಬೇಕು. ಹೊಗೆ ತಿಳಿಯಾಗುವಷ್ಟರಲ್ಲಿ ಪಾತ್ರೆಯೊಳಗೆ ಬೆಳುದಿಂಗಳು.

ಅವನಿಗೆ ಶಾಲೆ ಇಲ್ಲ. ಕನ್ನಡ ಓದಲು ಕಲಿತದ್ದು ಪಾತ್ರೆಗಳ ಮೇಲಿನ ಹೆಸರುಗಳಿಂದ. ಉಳಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರುಗಳಲ್ಲಿ ಕೊಂಬು, ಒತ್ತು ಎಷ್ಟೋ ಸಲ ಇರುತ್ತಲೇ ಇರಲಿಲ್ಲ. ಇದ್ದಷ್ಟನ್ನು ಓದಿ ಉಳಿದದ್ದನ್ನು ಊಹಿಸುವುದು ಅವನ ವಿದ್ಯೆ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಜಾನ್ ಬೀಗೆ ಓದು ಬಾರದು. ಅವಳ ವಿದ್ಯೆ ಬೇರೆ. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸುತ್ತಿದ್ದಳು. ಅಪ್ಪಟ ತವರ ಬಗ್ಗುವಾಗ ಕಿರ್ರೆಂದು ಅಳುತ್ತದೆ. ಸೀಸ ಬೆರೆಸಿದ್ದು ಸುಮ್ಮನೆ ಬಗ್ಗುತ್ತದೆ. "ಅಳೋ ತವರ ಒಳ್ಳೇ ತವರ. ಸುಮ್ಕಿರೋದು ಕೊಲ್ತದೆ" ಎನ್ನುವುದು ಅವರ ಮನೆಯ ಮಾತು.

ತವರ ಬರುತ್ತಿದ್ದದ್ದು ಮಲಯಾ ಕಡೆಯಿಂದ. ಅದು ಅವರಿಗೆ ಗೊತ್ತಾದದ್ದೇ ಅದು ಬರುವುದು ನಿಂತ ಮೇಲೆ. ಸಿಂಗಾಪುರ ಬಿತ್ತು ಎಂದು ಮದ್ದೂರಿನ ಅಂಗಡಿಯವನು ಹೇಳಿದಾಗ ಪೀರ್ ಪಾಷಾ, "ಅದೆಲ್ಲೋ ಬಿದ್ರೆ ನನ್ನ ಒಲೆ ಯಾಕ್ಲಾ ಆರ್ಬೇಕು?" ಎಂದು ನಕ್ಕಿದ್ದನಂತೆ. ವರ್ಷ ತುಂಬುವುದರೊಳಗೆ ಒಲೆ ಆರಿತು. ಅಂಗಡಿಯವರು ಸೀಸ ಬೆರೆಸಿದ ಕಡ್ಡಿ ತೋರಿಸುತ್ತಿದ್ದರು. ಜಾನ್ ಬೀ ಬಗ್ಗಿಸಿ ನೋಡಿ ಹಿಂದಕ್ಕೆ ಕೊಡುತ್ತಿದ್ದಳು. ಊರಿನವರು ಮಡಕೆಗೆ ತಿರುಗಿದರು. ಎರಡು ಹೊತ್ತಿನ ಅಂಬಲಿ ಒಂದು ಹೊತ್ತಿಗೆ ಇಳಿಯಿತು. ಐದು ವರ್ಷ ನಿಲ್ಲದಿದ್ದ ಬಸಿರು ನಿಂತದ್ದು ಆ ವರ್ಷವೇ.

ಈಗ ಇತಿಹಾಸದ ಪುಸ್ತಕ ತೆರೆದು ಕೂತರೆ ನನಗೆ ಇನ್ನೊಂದೂ ಕಾಣುತ್ತದೆ. ಚಳಿಜ್ವರದ ಮದ್ದು ಕ್ವಿನೈನ್ ಬರುತ್ತಿದ್ದದ್ದು ಜಾವಾದಿಂದ. ತವರ ತರುತ್ತಿದ್ದ ಸಮುದ್ರದ ದಾರಿಯಲ್ಲೇ ಅದೂ ಬರುತ್ತಿತ್ತು. ದಾರಿ ಮುಚ್ಚಿದಾಗ ಎರಡೂ ನಿಂತವು. ನಾಲೆಯ ನೀರು ಬಂದ ಮೇಲೆ ಮಂಡ್ಯದ ಸುತ್ತ ಚಳಿಜ್ವರ ಮನೆಯ ನೆಂಟನ ಹಾಗೆ ಬಂದು ಹೋಗುತ್ತಿತ್ತು. ಆ ಬೇಸಿಗೆಯಲ್ಲಿ ಸುಲ್ತಾನ್ ಬೀಗೆ ಬಂದದ್ದು ಹೋಗಲಿಲ್ಲ.

ಮಳವಳ್ಳಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನ ಚಿಂತೆ ಒಂದೇ. ಚಿಕ್ಕರಸಿನಕೆರೆಯ ದೇವಿರಮ್ಮನ ಮನೆಯಲ್ಲಿ ಮದುವೆ. ಮೂರು ದೊಡ್ಡ ಕೊಪ್ಪರಿಗೆಗಳಿಗೆ ಕಲಾಯಿ ಆಗಬೇಕು. ಪೀರ್ ಪಾಷಾ ಮಾತು ಕೊಟ್ಟಿದ್ದ. ತವರ ಎಲ್ಲಾದರೂ ಸಿಕ್ಕರೆ ತಿಳಿಸು ಎಂದು ಭಾವಮೈದ ನಿಜಾಮುದ್ದೀನನಿಗೆ ಎರಡು ಸಲ ಹೇಳಿಕಳಿಸಿದ್ದ. ಹಾಗಾಗಿ ಕಾರ್ಡು ಬಂದಾಗ ಅದರಲ್ಲಿ ಏನಿರಬೇಕು ಎನ್ನುವುದು ಓದುವ ಮೊದಲೇ ಅವನಿಗೆ ಗೊತ್ತಿತ್ತು.

ಬಾಗಿಲಲ್ಲಿ ನಿಂತು ಅಕ್ಷರದ ಮೇಲೆ ಬೆರಳಿಟ್ಟು ಓದಿದ. "ಉಭಯ ಕುಶಲೋಪರಿ. ಇಲ್ಲಿ ಎಲ್ಲರೂ ಕ್ಷೇಮ. ತವರ ಬೇಕಿದ್ದರೆ ಈ ವಾರವೇ ಬರುವುದು. ತಡವಾದರೆ ಇರುವುದಿಲ್ಲ. ಉಳಿದದ್ದು ಮುಖತಾ."

"ಸಿಕ್ತು ಕಣೇ!" ಎಂದ. ಎಷ್ಟೋ ತಿಂಗಳ ಮೇಲೆ ಅವನ ಹಲ್ಲು ಕಂಡವಂತೆ.

ಜಾನ್ ಬೀ ಗೋಡೆ ಹಿಡಿದು ಎದ್ದು ನಿಂತಳು. ಆರನೆಯ ತಿಂಗಳು. "ಇನ್ನೊಂದ್ ಸಲ ಓದು" ಅಂದಳು.

ಓದಿದ.

"ಇರೋದಿಲ್ಲ ಅಂತ್ಲಾ ಬರದವ್ನೆ? ತವರಕ್ಕೆ ಸಿಗೋದಿಲ್ಲ ಅಂತಾರೆ. ಇರೋದಿಲ್ಲ ಅಂತಾರಾ?"

"ನಿಮ್ಮಣ್ಣ ಮೂರ್ನೇ ಕ್ಲಾಸು. ಸೈಕಲ್ಗೆ ಗಾಳಿ ಹೊಡ್ದಂಗೆ ಕನ್ನಡ ಹೊಡೀತಾನೆ. ನೀನೊಬ್ಳು ಬಂದ್ಬುಟ್ಟೆ ಪಂಡಿತಮ್ಮ."

ಅವಳಿಗೂ ನಗು ಬಂತು. ಸುಮ್ಮನಾದಳು.

ನಾನಿ ಮುಂದಿನ ನಲವತ್ತು ವರ್ಷ ತಿರುಗಿ ತಿರುಗಿ ಬಂದು ನಿಲ್ಲುತ್ತಿದ್ದದ್ದು ಈ ಜಾಗಕ್ಕೆ. ಗಂಡ ತಪ್ಪು ಓದಿದ್ದಕ್ಕಲ್ಲ, ತಾನು ಸರಿಯಾಗಿ ಕೇಳಿಸಿಕೊಂಡು ಸುಮ್ಮನಾದದ್ದಕ್ಕೆ.

"ನಾನೂ ಬತ್ತೀನಿ. ಅಮ್ಮನ್ನ ನೋಡಿ ವರ್ಷಾಯ್ತು" ಅಂದಳು.

"ಈ ಹೊಟ್ಟೆ ಇಟ್ಕೊಂಡು ಆ ಬಸ್ಗಾ? ಮುಂದಿನ್ ತಿಂಗ್ಳು ಅವ್ಳೇ ಬತ್ತಾಳೆ ಬುಡು, ಹೆರಿಗೆಗೆ ಕರ್ಕೊಂಡೋಗಕೆ. ಚೊಚ್ಚಲು ತವರಲ್ಲೇ ಅಲ್ವಾ?"

ಅದು ಸುಳ್ಳಲ್ಲ. ಪೆಟ್ರೋಲಿಲ್ಲದ ಕಾಲ. ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡ ಬಸ್ಸು ಮದ್ದೂರಿಗೆ ಹೋಗುವಷ್ಟರಲ್ಲಿ ಮೂರು ಕಡೆ ನಿಲ್ಲುತ್ತಿತ್ತು. ಉಬ್ಬಿನಲ್ಲಿ ಜನ ಇಳಿದು ತಳ್ಳಬೇಕು. ಅಲ್ಲಿಂದ ಮಂಡ್ಯಕ್ಕೆ ರೈಲು. ಮನೆಯಲ್ಲಿ ಕೊಟ್ಟು ತರಲು ಏನೂ ಇರಲಿಲ್ಲ. ಜಾನ್ ಬೀ ಹೊಸಲಿನ ಮೇಲೆ ಕೂತು ಕಾಲ್ಗೆಜ್ಜೆ ಬಿಚ್ಚಿದಳು. ಊದಿದ ಕಾಲಿಂದ ಅವು ಸುಲಭವಾಗಿ ಬರಲಿಲ್ಲ. ಎಣ್ಣೆ ಸವರಿ ಎಳೆಯಬೇಕಾಯಿತು.

ಮಂಡ್ಯದಲ್ಲಿ ಪೀರ್ ಪಾಷಾ ಮೊದಲು ಹೋದದ್ದು ಭಾವಮೈದನ ಅಂಗಡಿಗೆ. ಬಾಗಿಲು ಹಾಕಿತ್ತು. ಪಕ್ಕದ ಪಾತ್ರೆ ಅಂಗಡಿಯ ನಿಂಗಯ್ಯ, "ನಾಕು ದಿನಾಯ್ತು ಕಣಪ್ಪ, ನಿಜಾಮು ಈ ಕಡೆ ತಲೆ ಹಾಕಿಲ್ಲ" ಎಂದ.

ತವರದ ಹಿಂದೆಯೇ ಓಡಾಡುತ್ತಿರಬೇಕು ಎಂದುಕೊಂಡ ಪೀರ್ ಪಾಷಾ. ಕೆಲಸ ಕೆಡುವುದು ಬೇಡವೆಂದು ನಿಂಗಯ್ಯನನ್ನೂ ಕೇಳಿದ. ನಿಂಗಯ್ಯ ಅತ್ತಿತ್ತ ನೋಡಿ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ಗೇಣುದ್ದದ ಕಡ್ಡಿ ತೆಗೆದ. ಮಗಳ ಮನೆ ಪಾತ್ರೆಗೆಂದು ಇಟ್ಟುಕೊಂಡದ್ದಂತೆ. ಪೀರ್ ಪಾಷಾ ಕಿವಿಗೆ ಹಿಡಿದು ಬಗ್ಗಿಸಿದ. ಅತ್ತಿತು. ಗೆಜ್ಜೆಗಳನ್ನು ನಿಂಗಯ್ಯನ ಮುಂದಿಟ್ಟು, ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನು ಅತ್ತೆಯನ್ನು ಮಾತಾಡಿಸಿಕೊಂಡು ಹೋಗೋಣ ಎಂದು ಮನೆ ಕಡೆ ನಡೆದ. ಆಗ ಮಧ್ಯಾಹ್ನ ಇಳಿಯುತ್ತಿತ್ತು.

ಬಾಗಿಲಲ್ಲಿ ಜನ. ನಿಜಾಮುದ್ದೀನ್ ಹೊರಗೆ ಬಂದು ಅವನ ಬೆನ್ನ ಹಿಂದೆ ನೋಡಿದ.

"ಜಾನ್ ಎಲ್ಲಿ?"

"ಅವ್ಳ್ಯಾಕೆ? ತವರ ಸಿಕ್ತಲ್ಲ..." ಎಂದು ಸೊಂಟದ ಕಡ್ಡಿ ತೆಗೆದು ತೋರಿಸಿದ.

ನಿಜಾಮುದ್ದೀನ್ ಅದನ್ನು ನೋಡಿದ. ಆಮೇಲೆ ಅಲ್ಲೇ ಜಗಲಿಯ ಮೇಲೆ ಕುಕ್ಕರಿಸಿ ಹಣೆ ಹಣೆ ಬಡಿದುಕೊಂಡ.

ಬಸುರಿಗೆ ಕೆಟ್ಟ ಸುದ್ದಿ ಬರೆಯಬಾರದು ಎಂದು ಸುಲ್ತಾನ್ ಬೀಯೇ ತಡೆದಿದ್ದಳು. ಕಾರ್ಡಿನ ಸಾಲು ಅವಳು ಹೇಳಿದ ಸಾಲೇ. ತವರು ಬೇಕಿದ್ರೆ ಈ ವಾರ ಬರ್ಲಿ, ಆಮೇಲೆ ಇರೋದಿಲ್ಲ. ಹೇಳಿದ್ದು ಉರ್ದುವಿನಲ್ಲಿ, ತವರುಮನೆಗೆ 'ಮೈಕೆ' ಎಂದು. ಆ ಮಾತು ಯಾವ ಲೋಹದ ಹತ್ತಿರವೂ ಸುಳಿಯುವುದಿಲ್ಲ. ಮಗ ಅದನ್ನು ಕನ್ನಡಕ್ಕೆ ತಂದ. ಅವಸರದಲ್ಲಿ ಕೊಂಬು ಬಿಟ್ಟ. ಕಲಾಯಿ ಮನೆಯಲ್ಲಲ್ಲದೆ ಬೇರೆ ಯಾರ ಮನೆಯಲ್ಲಾದರೂ ಅದನ್ನು ತವರು ಎಂದೇ ಓದುತ್ತಿದ್ದರು.

ಒಳಗೆ ಚಾಪೆಯ ಮೇಲೆ ಸುಲ್ತಾನ್ ಬೀ ಬಾಗಿಲ ಕಡೆ ಕಿವಿ ಕೊಟ್ಟು ಮಲಗಿದ್ದಳು. ಹೆಜ್ಜೆ ಸದ್ದಾಯಿತು.

"ಜಾನ್ ಬಂದ್ಲಾ? ಗೆಜ್ಜೆ ಸದ್ದೇ ಇಲ್ವಲ್ಲಾ."

"ಹಿಂದೆ ಬತ್ತಾವ್ಳೆ ಅಮ್ಮಾ" ಎಂದ ಪೀರ್ ಪಾಷಾ.

ಓಡಿಹೋಗಿ ನಿಂಗಯ್ಯನಿಂದ ಗೆಜ್ಜೆ ವಾಪಸು ತಂದು ಅವಳ ಕಿವಿಯ ಹತ್ತಿರ ಆಡಿಸಬಹುದಿತ್ತು ಎಂದು ಅವನಿಗೆ ಹೊಳೆದದ್ದು ಹಿಂದಿರುಗುವ ರೈಲಿನಲ್ಲಿ. ಬೆಳಗಿನ ನಮಾಜಿನ ಹೊತ್ತಿಗೆ ಅವಳ ಉಸಿರು ನಿಂತಿತ್ತು. ಮಧ್ಯಾಹ್ನದ ಒಳಗೆ ಮಣ್ಣಾಗಿತ್ತು. ಮಳವಳ್ಳಿಗೆ ಸುದ್ದಿ ಕಳಿಸಿದ್ದರೂ ಯಾರೂ ಆ ಹೊತ್ತಿಗೆ ಬಂದು ಮುಟ್ಟುವಂತಿರಲಿಲ್ಲ. ಹೆರಿಗೆಯಾಗುವ ತನಕ ಹೇಳುವುದು ಬೇಡ ಎಂದು ಇಬ್ಬರು ಗಂಡಸರೂ ಗೋರಿಯ ಪಕ್ಕದಲ್ಲೇ ಮಾತಾಡಿಕೊಂಡರು. ಐದು ವರ್ಷಕ್ಕೆ ನಿಂತ ಬಸಿರು.

ಮನೆಗೆ ಬಂದ ಗಂಡನ ಕೈಯಿಂದ ಕಡ್ಡಿ ಕಿತ್ತುಕೊಂಡು ಜಾನ್ ಬೀ ಮೊದಲು ಕಿವಿಗೆ ಹಿಡಿದಳು. ಬಗ್ಗಿಸಿದಳು. ಮುಖ ಅರಳಿತು.

"ಎಷ್ಟು ಚೆನ್ನಾಗಿ ಅಳ್ತದೆ! ಅಮ್ಮ ಎಂಗವ್ಳೆ?"

"ಅವ್ಳೆ."

ಮರುದಿನವೇ ಚಿಕ್ಕರಸಿನಕೆರೆ. ದೇವಿರಮ್ಮನ ಹಿತ್ತಿಲಲ್ಲಿ ಗುಳಿ ತೋಡಿದರು. ಬಸುರಿ ತಿದಿ ಒತ್ತುವುದನ್ನು ನೋಡಿ ದೇವಿರಮ್ಮ, "ಏನ್ ಸಾಬಣ್ಣ, ಎರಡು ಜೀವ ದುಡಿಸ್ತಿದ್ದೀಯ, ಒಂದು ಊಟ ಹಾಕ್ತೀಯಾ?" ಎಂದು ರೇಗಿಸಿ ಅವಳಿಗೆ ಮಜ್ಜಿಗೆ ತಂದುಕೊಟ್ಟಳು. ಕಣ್ಣು ಅವಳ ಕಾಲಿನ ಮೇಲೆ ಹೋಯಿತು.

"ಕಾಲೆಲ್ಲ ಬರಿದು. ಗೆಜ್ಜೆ ಎಲ್ಲೇ ಜಾನೂ?"

"ತವರಕ್ಕೆ ಓದ್ವು ಕಣಕ್ಕ."

"ತವರಿಗಾ? ನೀನಿಲ್ಲೇ ಕೂತಿದ್ದೀಯ, ಬರೀ ಗೆಜ್ಜೆ ನಡ್ಕೊಂಡು ತವರಿಗೆ ಓದ್ವಾ?"

ಹಿತ್ತಿಲಲ್ಲಿದ್ದ ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ಜಾನ್ ಬೀ ನಕ್ಕಳು. ಪೀರ್ ಪಾಷಾ ಕೊಪ್ಪರಿಗೆಯೊಳಗೆ ಬಗ್ಗಿದ್ದವನು ಏಳಲಿಲ್ಲ. ಅರಳೆ ಸುಟ್ಟ ವಾಸನೆ ಬಂತು. ಒಂದೇ ಜಾಗದಲ್ಲಿ ಕೈ ನಿಂತಿತ್ತು. ಆ ಕೊಪ್ಪರಿಗೆಯ ತಳದಲ್ಲಿ ಒಂದು ಕಪ್ಪು ಕಲೆ ಕೊನೆಯವರೆಗೂ ಉಳಿಯಿತಂತೆ.

ಏಳನೆಯ ತಿಂಗಳು ಬಂತು. ಜಾನ್ ಬೀ ಒಂದು ಸೀರೆ, ಒಂದು ಹಳೆಯ ಕಂಬಳಿ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಅಮ್ಮ ಬಂದೊಡನೆ ಹೊರಡಬಹುದು. ಬಸ್ಸಿನ ಹೊಗೆ ದೂರದಲ್ಲಿ ಕಂಡಾಗಲೆಲ್ಲ ಎದ್ದು ಬೀದಿಗೆ ಬರುವಳು. ಜನ ಇಳಿಯುವರು. ಬಸ್ಸು ತಿರುಗಿ ಹೋಗುವುದು. ಯಾಕೆ ಬರಲಿಲ್ಲ ಎಂದರೆ ಪೀರ್ ಪಾಷಾ, "ಬತ್ತಾಳೆ" ಎನ್ನುವನು. ಎಂಗವ್ಳೆ ಎಂದರೆ, "ಅವ್ಳೆ." ಅವನು ಬಡಕಲಾಗುತ್ತಿದ್ದ. ತವರವಿಲ್ಲದ ಚಿಂತೆ ಎಂದುಕೊಂಡಳು.

ಎಂಟಕ್ಕೆ ಬಿದ್ದ ಮೇಲೆ ಅವಳಿಗೆ ಆ ಒಂದು ಮಾತು ಮತ್ತೆ ಮುಳ್ಳಿನಂತೆ ಚುಚ್ಚತೊಡಗಿತು. ಇರೋದಿಲ್ಲ. ಒಂದು ಬೆಳಿಗ್ಗೆ ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೆಣ್ಣುಮಕ್ಕಳ ಶಾಲೆಯ ಇಂದ್ರಮ್ಮ ಮೇಡಮ್ಮನ ಮನೆಗೆ ಹೋದಳು. ಅವರ ಹಿತ್ತಾಳೆ ಪಾತ್ರೆಗಳಿಗೆ ಎಷ್ಟೋ ಸಲ ಕಲಾಯಿ ಹಾಕಿಕೊಟ್ಟಿದ್ದರು. ಇಂದ್ರಮ್ಮ ಕಾರ್ಡು ಓದಿ ಗಾಬರಿಯಿಂದ ಕೇಳಿದರು.

"ಯಾರ ತವರಮ್ಮ ಇದು? ಯಾರಿಗೆ ಸೀರಿಯಸ್ಸು?"

"ತವರಲ್ಲ ಕಣಮ್ಮ. ತವರ. ಕಲಾಯಿ ತವರ."

"ಓ, ಹಾಗಾ? ಬಿಡು. ತಡವಾದರೆ ಇರುವುದಿಲ್ಲ ಅಂತ ಇದೆ, ನಾನು ಕೊಂಬು ಬಿಟ್ಟುಹೋಗಿದೆ ಅಂದ್ಕೊಂಡೆ. ನಮ್ಮ ಹುಡುಗೀರು ದಿನಾ ಬಿಡ್ತಾರೆ."

"ಕೊಂಬಾ? ಅಂಗಂದ್ರೆ?"

ಇಂದ್ರಮ್ಮ ಸ್ಲೇಟು ತಂದು ಬರೆದು ತೋರಿಸಿದರು. ಇದು ರ. ಪಕ್ಕದಲ್ಲಿ ಹೀಗೊಂದು ಬಾಲ ಎಳೆದರೆ ರು. ಜಾನ್ ಬೀ ಸ್ಲೇಟನ್ನೂ ಕಾರ್ಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದಳು. ಬಹಳ ಹೊತ್ತು ನೋಡಿದಳಂತೆ. ಇಂದ್ರಮ್ಮ ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಇರಲಿಲ್ಲ.

ಪೀರ್ ಪಾಷಾ ಅಂಗಳದಲ್ಲಿ ಗುಳಿಯ ಮುಂದೆ ಕೂತಿದ್ದ. ಯಾರದೋ ಒಂದು ಚೊಂಬು, ತವರದ ಉಳಿದ ಒಂದು ಬೆರಳುದ್ದದ ತುಂಡು. ಅವಳು ಅವನೆದುರು ಕೂತು ಬೂದಿಯಲ್ಲಿ ಬೆರಳಿಂದ ಬರೆದಳು.

"ಇದೇನು, ಓದು."

"ರು."

"ಕಾರ್ಡಲ್ಲಿ ಇದು ಇರ್ಲಿಲ್ಲ."

ಅವನು ಇಕ್ಕಳ ಕೆಳಗಿಟ್ಟ.

"ಯಾವತ್ತು?" ಎಂದು ಕೇಳಿದಳು.

"ನಾ ಮಂಡ್ಯಕ್ಕೆ ಓದ ಮಾರನೇ ದಿನ. ಬೆಳಿಗ್ಗೆ."

"ಏನಾರ ಕೇಳಿದ್ಲಾ?"

ಅವನು ಎಲ್ಲವನ್ನೂ ಹೇಳಿದ. ಗೆಜ್ಜೆಯದನ್ನೂ ಹೇಳಿದ. ಅದೊಂದನ್ನು ಹೇಳದೆ ಇರಬಹುದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

"ಎಂಟು ವಾರ," ಅಂದಳು ಜಾನ್ ಬೀ. "ಎಂಟು ವಾರ ನನ್ನ ಎದ್ರುಗೆ ಕೂತ್ಕಂಡು ಅವ್ಳೆ ಅವ್ಳೆ ಅಂದ್ಯಲ್ಲಾ."

ಅವಳು ಅಳಲಿಲ್ಲ. ಬೂದಿಯ ಪಕ್ಕ ಬಿದ್ದಿದ್ದ ತವರದ ತುಂಡನ್ನು ಎತ್ತಿಕೊಂಡು ಕಿವಿಗೆ ಹಿಡಿದು ಬಗ್ಗಿಸಿದಳು. ನೇರ ಮಾಡಿದಳು. ಮತ್ತೆ ಬಗ್ಗಿಸಿದಳು. ಅದು ಪ್ರತಿ ಸಲವೂ ಅತ್ತಿತು. ಕೊನೆಗೆ ತುಂಡು ಮುರಿದು ಎರಡಾಯಿತು. ಆಮೇಲೆ ಗುಳಿಯಿಂದ ಆರಿದ ಇದ್ದಿಲೊಂದನ್ನು ತೆಗೆದು, ಕಾರ್ಡಿನಲ್ಲಿ ರ ಎಲ್ಲಿದೆ ತೋರಿಸು ಎಂದು ಅವನನ್ನೇ ಕೇಳಿ, ಅದರ ಪಕ್ಕ ಒಂದು ಬಾಲ ಎಳೆದಳು. ಜೀವಮಾನದಲ್ಲಿ ಅವಳು ಕಾಗದದ ಮೇಲೆ ಬರೆದದ್ದು ಅದೊಂದೇ.

ನನ್ನ ತಾಯಿ ಹಾಜಿರಾ ಬೀ ಹುಟ್ಟಿದ್ದು ಮಳವಳ್ಳಿಯಲ್ಲೇ, ಗಂಡನ ಮನೆಯ ನಡುಮನೆಯಲ್ಲಿ. ಬಾಗಿಲ ಹಿಂದಿನ ಗಂಟು ಬಿಚ್ಚಿ ಅದೇ ಕಂಬಳಿ ಹಾಸಿದರು. ಯುದ್ಧ ಮುಗಿದ ಮೇಲೆ, ಸ್ವಾತಂತ್ರ್ಯ ಬಂದ ವರ್ಷದ ಹೊತ್ತಿಗೆ, ಪೇಟೆಯಲ್ಲಿ ತವರ ಮತ್ತೆ ಕಾಣಿಸಿಕೊಂಡಿತು. ನಿಜಾಮುದ್ದೀನ್ ತಂಗಿಯನ್ನು ಕರೆಯಲು ಮೂರು ಸಲ ಬಂದ. ಅವಳು ಅಣ್ಣನಿಗೆ ಹೊಟ್ಟೆ ತುಂಬ ಬಡಿಸಿ ಕಳಿಸಿದಳು. ಮಂಡ್ಯಕ್ಕೆ ಮತ್ತೆ ಹೋಗಲಿಲ್ಲ. ಗಂಡನ ಜೊತೆ ಊರೂರು ತಿರುಗಿ ತಿದಿ ಒತ್ತಿದಳು. ಕಡ್ಡಿಯನ್ನು ಕಿವಿಗೆ ಹಿಡಿಯುವುದು ಮಾತ್ರ ಇನ್ನು ಅವನ ಕೆಲಸವಾಯಿತು.

ಸೋತ ರಾಜರನ್ನು ನಾನು ಕಥೆಯಲ್ಲಿ ಗೆಲ್ಲಿಸಿಲ್ಲ. ಆದರೆ ಈ ಕಾರ್ಡನ್ನು ಬಿಡಲಾಗಲಿಲ್ಲ. ಒಂದು ಸಲ ಬೇರೆ ಥರ ಬರೆದೆ. ನಿಜಾಮುದ್ದೀನ್ ಕೊಂಬು ಕೊಡುತ್ತಾನೆ. ಪೀರ್ ಪಾಷಾ ತವರು ಎಂದು ಓದುತ್ತಾನೆ. ಆರು ತಿಂಗಳ ಬಸುರಿ ಇದ್ದಿಲ ಬಸ್ಸು ಹತ್ತುತ್ತಾಳೆ, ಮದ್ದೂರಿನಲ್ಲಿ ರೈಲು ಹಿಡಿಯುತ್ತಾಳೆ. ನಾನಿ ಆಗ ಹಾಸಿಗೆ ಹಿಡಿದಿದ್ದಳು. ಅಳುಕುತ್ತಲೇ ಓದಿದೆ. ಸುಳ್ಳು ಬರೆದಿದ್ದೀಯ ಎಂದು ಬಯ್ಯುತ್ತಾಳೆ ಎಂದುಕೊಂಡಿದ್ದೆ.

"ಗೆಜ್ಜೆ?" ಎಂದಳು.

"ಕಾಲಲ್ಲೇ ಇವೆ ನಾನಿ."

ನಾನಿ ಕಣ್ಣು ಮುಚ್ಚಿಕೊಂಡಳು. "ಇನ್ನೊಂದ್ ಸಲ ಓದು" ಅಂದಳು.

ಆಮೇಲೆ ದಿನಾ ಕೇಳುತ್ತಿದ್ದಳು. ದಿನಾ ಓದುತ್ತಿದ್ದೆ. ಬಸ್ಸು, ಉಬ್ಬು, ರೈಲು, ಗುತ್ತಲಿನ ಓಣಿ, ಓಣಿಯುದ್ದಕ್ಕೂ ಗೆಜ್ಜೆಯ ಸದ್ದು. ಒಳಗೆ ಸುಲ್ತಾನ್ ಬೀ ಏನನ್ನುತ್ತಾಳೆ ಎಂದೂ ಬರೆದಿದ್ದೆ. ಆ ಪುಟ ತಿರುವಲು ಹೋದಾಗಲೆಲ್ಲ ನಾನಿ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು.

"ಸಾಕು ಕಣವ್ವ," ಅನ್ನುತ್ತಿದ್ದಳು. "ಬಾಗ್ಲವರ್ಗೂ ಸಾಕು."